ಮಣ್ಣಿಂದ ಬಂದ ಮದ್ದು, ಮಾತು ಕೇಳದ ತಮ್ಮ

ಹೋದ ವಾರ ಪರೀಕ್ಷೆ ಡ್ಯೂಟಿಗೆಂದು ಯಳಂದೂರಿಗೆ ಹೋಗಬೇಕಾಯಿತು. ಕೊಳ್ಳೇಗಾಲದಲ್ಲಿ ಹತ್ತಿದ ಬಸ್ಸು ಅರ್ಧ ದಾರಿಯಲ್ಲಿ ಒಂದು ಆಲೆಮನೆಯ ಪಕ್ಕ ನಿಂತಿತು. ಮುಂದೆ ಕಬ್ಬಿನ ಟ್ರಾಕ್ಟರೊಂದು ರಸ್ತೆಗೆ ಅಡ್ಡ ತಿರುಗುತ್ತಿತ್ತು. ಕಿಟಕಿಯಿಂದ ಕುದಿಯುವ ಕಬ್ಬಿನ ಹಾಲಿನ ವಾಸನೆ, ಅದರ ಬೆನ್ನಿಗೇ ಹೊಗೆ ಒಳಗೆ ಬಂತು. ಪಕ್ಕದಲ್ಲಿ ಕೂತಿದ್ದ ಇಂಗ್ಲಿಷ್ ಮೇಡಂ ಕಣ್ಣು ಮುಚ್ಚಿ, ಎಷ್ಟು ಚೆನ್ನಾಗಿದೆ ಅಲ್ವಾ ಎಂದರು. ನನಗೆ ಮಾತ್ರ ಸಿಟ್ಟು ಬಂತು. ಯಾರ ಮೇಲೆ ಎಂದು ಅವರು ಕೇಳಲಿಲ್ಲ, ಕೇಳಿದ್ದರೆ ಯಳಂದೂರು ಬರುವವರೆಗೂ ಹೇಳುತ್ತಿದ್ದೆ. ನನ್ನ ತಮ್ಮ ಮಾದೇಶನ ಮೇಲೆ. ಅವನು ಕಾಯಿಲೆ ಬಿದ್ದ ಆ ಒಂದು ಕಬ್ಬಿನ ಹಂಗಾಮು ಕಳೆದು ನಾಲ್ಕು ವರ್ಷವಾಯಿತು. ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ನಾನು ಕೊಳ್ಳೇಗಾಲದ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ತವರು ಸತ್ತೇಗಾಲ. ಮಾದೇಶ ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಅವ್ವ ತೀರಿಕೊಂಡಾಗ ಅವನಿನ್ನೂ ಮಿಡ್ಲ್ ಸ್ಕೂಲಿನಲ್ಲಿದ್ದ. ಹಾಗಾಗಿ ಅವನನ್ನು ಬೈದು ಬೆಳೆಸಿದವಳು ನಾನೇ. ಊರಿನ ಗದ್ದೆ, ಕಬ್ಬು, ತೆಂಗು ಎಲ್ಲ ಅವನೇ ನೋಡಿಕೊಳ್ಳುತ್ತಿದ್ದ. ಅದಕ್ಕಿಂತ ಹೆಚ್ಚಾಗಿ ಸುತ್ತಲಿನ ಊರುಗಳಲ್ಲಿ ಅವನಿಗೆ ಹೆಸರಿದ್ದದ್ದು ಪಾಕ ನೋಡುವುದರಲ್ಲಿ. ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವ ಹಾಲು ಯಾವ ಗಳಿಗೆಯಲ್ಲಿ ಬೆಲ್ಲಕ್ಕೆ ತಿರುಗುತ್ತದೆ ಎಂಬುದನ್ನು ಗುಳ್ಳೆ ಒಡೆಯುವ ಸದ್ದಿನಿಂದಲೇ ಹೇಳುತ್ತಿದ್ದ. ಅವನು ಕೈ ಎತ್ತಿದರೆ ಬೆಂಕಿ ತೆಗೆಯಬೇಕು, ಒಂದು ಗಳಿಗೆ ತಡವಾಗಬಾರದು. ನಾನು ಲ್ಯಾಬಿನಲ್ಲಿ ಥರ್ಮಾಮೀಟರ್ ಹಿಡಿದು ಮಾಡಲಾಗದ್ದನ್ನು ಅವನು ಬಾಯಲ್ಲಿ ಬೀಡಿ ಕಚ್ಚಿಕೊಂಡು ಮಾಡುತ್ತಿದ್ದ.

ಆ ವರ್ಷ ದೀಪಾವಳಿ ಕಳೆದ ಮೇಲೆ ಅವನ ಹೆಂಡತಿ ರತ್ನ ಫೋನು ಮಾಡಿದಳು. ಅವಳು ಹನೂರು ಕಡೆಯವಳು, ಮಾತು ಕಡಿಮೆ. ಮದುವೆಯಾಗಿ ಐದು ವರ್ಷವಾಗಿದ್ದರೂ ನನ್ನ ಮುಂದೆ ಕುರ್ಚಿಯಲ್ಲಿ ಕೂತವಳಲ್ಲ. ಅಂಥವಳು, "ಅತ್ತಿಗೆ, ಇವ್ರು ಏನೋ ಮುಚ್ಚಿಡ್ತಾವ್ರೆ. ಕೂತ್ಕಳಕ್ಕೂ ಕಷ್ಟಪಡ್ತಾವ್ರೆ, ಕೇಳುದ್ರೆ ಮೈಮೇಲೆ ಬೀಳ್ತಾರೆ. ನೀವೊಂದ್ಸಲ ಬಂದೋಗಿ" ಎಂದಳು.

ಭಾನುವಾರ ಹೋದೆ. ಮಾದೇಶ ಸೊಂಟನೋವು ಎಂದ, ಟ್ರಾಕ್ಟರ್ ಹತ್ತಿ ಇಳಿದು ಹಾಗಾಗಿದೆ ಎಂದ. ಅವನು ಹೊರಗೆ ಹೋದ ಮೇಲೆ ರತ್ನ ತಲೆ ತಗ್ಗಿಸಿಕೊಂಡು, ಅವನ ಬಲಗಡೆಯ ಬೀಜ ನಿಂಬೆಹಣ್ಣಿನ ಗಾತ್ರವಾಗಿ ಕಲ್ಲಿನ ಹಾಗೆ ಗಟ್ಟಿಯಾಗಿದೆ, ನೋವಿಲ್ಲವಂತೆ, ಭಾರ ಮಾತ್ರವಂತೆ ಎಂದು ಹೇಳಿದಳು. ಎಷ್ಟು ದಿನದಿಂದ ಎಂದು ಕೇಳಿದೆ. ಯುಗಾದಿಯಿಂದ. ಏಳು ತಿಂಗಳು ಅವನು ಲಂಗೋಟಿ ಬಿಗಿಯಾಗಿ ಕಟ್ಟಿಕೊಂಡು ಓಡಾಡಿದ್ದ. ಹೆಂಡತಿ ಕಂಡುಹಿಡಿದಾಗ, ಯಾರಿಗಾದರೂ ಹೇಳಿದರೆ ನೋಡು ಎಂದು ಹೆದರಿಸಿದ್ದ.

ಅವತ್ತೇ ಅವನನ್ನು ಕೊಳ್ಳೇಗಾಲಕ್ಕೆ ಎಳೆದುಕೊಂಡು ಬಂದೆ. ಮಾರನೆಯ ದಿನ ಒಬ್ಬ ಡಾಕ್ಟರ ಹತ್ತಿರ ಕರೆದೊಯ್ದೆ. ತಮ್ಮ ನಾಚಿಕೊಳ್ಳುತ್ತಾನೆ ಎಂದು ನಾನು ಹೊರಗಿನ ಬೆಂಚಿನಲ್ಲೇ ಕೂತೆ. ಐದು ನಿಮಿಷಕ್ಕೆ ಅವನು ಹೊರಗೆ ಬಂದ, ಕೈಯಲ್ಲಿ ಒಂದು ಚೀಟಿ. ಓದಿ ನೋಡಿದರೆ ಗ್ಯಾಸಿನ ಮಾತ್ರೆ. ಏನೆಂದು ಹೇಳಿದೆ ಎಂದು ಕೇಳಿದರೆ, ಹೊಟ್ಟೆ ಉಬ್ಬರ ಎಂದು ಹೇಳಿದನಂತೆ. ಒಳಗೆ ನರ್ಸಮ್ಮ ಇದ್ದಳಂತೆ. ನಾನು ಅಲ್ಲೇ ಅವನ ರಟ್ಟೆ ಹಿಡಿದು ಮತ್ತೆ ಬಾಗಿಲು ತಳ್ಳಿಕೊಂಡು ಒಳಗೆ ಹೋದೆ.

"ಡಾಕ್ಟ್ರೇ, ಇವನಿಗೆ ಗ್ಯಾಸಿಲ್ಲ. ಬೀಜದಲ್ಲಿ ಗಂಟಿದೆ, ಏಳು ತಿಂಗಳಾಗಿದೆ" ಎಂದೆ.

ಮಾದೇಶ ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡುತ್ತಾ ನಿಂತ. ಡಾಕ್ಟರು ಎದ್ದು ಪರದೆ ಎಳೆದರು. ಸಂಜೆಯೊಳಗೆ ಸ್ಕ್ಯಾನ್ ಆಯಿತು, ವಾರದೊಳಗೆ ಮೈಸೂರಿಗೆ ಹೋದೆವು.

ಮೈಸೂರಿನ ಡಾಕ್ಟರು ಐವತ್ತರ ಆಸುಪಾಸಿನ ಹೆಂಗಸು. ಸಮಾಧಾನದ ಮಾತು ಜಾಸ್ತಿ ಆಡುವವರಲ್ಲ. ಇದು ಕ್ಯಾನ್ಸರ್, ಆದರೆ ಕ್ಯಾನ್ಸರುಗಳಲ್ಲಿ ಗುಣವಾಗಲು ಒಪ್ಪಿಕೊಳ್ಳುವಂಥದ್ದು, ಹೊಟ್ಟೆಯ ಗ್ರಂಥಿಗಳಿಗೆ ಹಬ್ಬಿದ್ದರೂ ಬಹಳಷ್ಟು ಜನ ಪೂರ್ತಿ ವಾಸಿಯಾಗುತ್ತಾರೆ, ಬೇಗ ಬರಬೇಕಿತ್ತು ಅಷ್ಟೆ ಎಂದರು. ಆಪರೇಷನ್ ಮಾಡಿ ಆ ಬೀಜ ತೆಗೆದರು. ಸಿ.ಟಿ. ಸ್ಕ್ಯಾನಿನಲ್ಲಿ ಹೊಟ್ಟೆಯ ಹಿಂಬದಿಯ ಗ್ರಂಥಿಗಳು ದೊಡ್ಡದಾಗಿದ್ದವು. ಮೂರು ವಾರಕ್ಕೊಂದರಂತೆ ಮೂರು ಸುತ್ತು ಕೀಮೋ, ಒಟ್ಟು ಮೂರು ಔಷಧಿ ಎಂದರು. ಎರಡನ್ನು ಪ್ರತಿ ಸುತ್ತಿನ ಮೊದಲ ಐದು ದಿನ ಕೊಡುತ್ತಾರೆ. ಮೂರನೆಯದನ್ನು ವಾರಕ್ಕೊಂದು ಸಲ. ಅದರ ಹೆಸರು ಬ್ಲಿಯೋಮೈಸಿನ್.

ಸತ್ತೇಗಾಲದಲ್ಲಿ ಮಾದೇಶನಿಗೆ ಕ್ಯಾನ್ಸರ್ ಎಂಬ ಸುದ್ದಿ ನಾವು ಮನೆ ಮುಟ್ಟುವ ಮೊದಲೇ ಮುಟ್ಟಿತ್ತು. ಎಲ್ಲಿ ಎಂದು ಕೇಳಿದವರಿಗೆಲ್ಲ ಅವನು ಹೊಟ್ಟೆ ಎಂದು ಹೇಳಿದ. ಅಲ್ಲಿಗೆ ಊರವರು ಹೊಟ್ಟೆಯ ಕ್ಯಾನ್ಸರಿಗೆ ಏನೇನು ಬೇಕೋ ಅದನ್ನೆಲ್ಲ ತರತೊಡಗಿದರು. ಗಂಜಿ ತಂದರು, ಮಜ್ಜಿಗೆ ತಂದರು. ಚಿಕ್ಕಪ್ಪನೊಬ್ಬ ಯಾವುದೋ ಬೇರಿನ ಕಷಾಯ ಹಿಡಿದು ಬಂದ. ಬೇಡ ಎಂದು ನಾನು ಹೇಳಿದರೆ, ಓದಿದವಳಿಗೆ ಜಂಬ ಎಂದ. ಮಾದೇಶ ನನ್ನ ಮುಂದೆ ಬೇಡವೆಂದು, ನಾನು ಕೊಳ್ಳೇಗಾಲಕ್ಕೆ ಹೊರಟ ಮೇಲೆ ಕುಡಿದ. ರತ್ನ ಫೋನಿನಲ್ಲಿ ಹೇಳಿದ ಮೇಲೆ ನನಗೆ ಗೊತ್ತಾಯಿತು. ಆ ಕಷಾಯ ಕಿಡ್ನಿಗೆ ಏನು ಮಾಡುತ್ತದೋ, ಕಿಡ್ನಿ ಕೆಟ್ಟರೆ ಬ್ಲಿಯೋಮೈಸಿನ್ ಮೈಯಿಂದ ಹೊರಗೆ ಹೋಗದೆ ಉಳಿದು ಶ್ವಾಸಕೋಶ ಸುಡುತ್ತದೆ ಎಂದು ನಾನು ಫೋನಿನಲ್ಲೇ ಕೂಗಾಡಿದೆ. ಆ ಕಡೆಯಿಂದ ಅವನು, "ಆಯ್ತು ಕಣಕ್ಕ, ಇನ್ ಕುಡಿಯಲ್ಲ" ಎಂದ. ಅವನ ಆಯ್ತು ಕಣಕ್ಕ ಎಂಬುದಕ್ಕೆ ಏನು ಅರ್ಥ ಎಂದು ನನಗೆ ಅವನು ಮಿಡ್ಲ್ ಸ್ಕೂಲಿನಲ್ಲಿದ್ದಾಗಿನಿಂದಲೂ ಗೊತ್ತು.

ನಾನು ಹೆದರಿದಾಗ ಓದುವವಳು. ಆ ದಿನಗಳಲ್ಲಿ ಬ್ಲಿಯೋಮೈಸಿನ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತಾ ಓದುತ್ತಾ, ಇದು ತಮ್ಮನ ಮೈಗೆ ಹೋಗುವ ಔಷಧಿ ಎಂಬುದನ್ನೂ ಮರೆತು ಬೆರಗಾದೆ. ಜಪಾನಿನ ಮಣ್ಣಿನಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯ ಅದನ್ನು ತಯಾರಿಸುತ್ತದೆ. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ವಾಸನೆ ಇದೆಯಲ್ಲ, ಅದನ್ನು ಕೊಡುವುದೂ ಇದೇ ಕುಲದ ಬ್ಯಾಕ್ಟೀರಿಯಗಳು. ಅದು ತನ್ನ ಸುತ್ತಲಿನ ಬೇರೆ ಸೂಕ್ಷ್ಮಜೀವಿಗಳನ್ನು ದೂರವಿಡಲು ಮಾಡಿಕೊಂಡ ಆಯುಧವನ್ನು ಮನುಷ್ಯರು ಎತ್ತಿಕೊಂಡು ಕ್ಯಾನ್ಸರಿನ ಮೇಲೆ ತಿರುಗಿಸಿದ್ದಾರೆ. ಬ್ಯಾಕ್ಟೀರಿಯದಿಂದ ತೆಗೆದಾಗ ಅದು ತಾಮ್ರವನ್ನು ಅಪ್ಪಿಕೊಂಡಿರುತ್ತದೆ, ಹಾಗಾಗಿ ನೀಲಿ. ತಾಮ್ರ ಬಿಡಿಸಿ ಬಿಳಿ ಪುಡಿಯಾಗಿಸಿ ಸೀಸೆಗೆ ತುಂಬುತ್ತಾರೆ. ಮೈಯೊಳಗೆ ಹೋದ ಮೇಲೆ ಅದು ಕಬ್ಬಿಣವನ್ನು ಹಿಡಿಯುತ್ತದೆ. ಅದರ ಒಂದು ತುದಿ ಡಿಎನ್‌ಎ ಎಳೆಗಳ ಸಂದಿಯಲ್ಲಿ ಹೊಕ್ಕು ಕೂರುತ್ತದೆ. ಇನ್ನೊಂದು ತುದಿಯಲ್ಲಿರುವ ಕಬ್ಬಿಣ ಆಮ್ಲಜನಕವನ್ನು ಸೆಳೆದುಕೊಂಡು ಆ ಎಳೆಯನ್ನು ಕತ್ತರಿಸುತ್ತದೆ. ಬೇಗ ಬೇಗ ಒಡೆದು ಹೆಚ್ಚುವ ಕ್ಯಾನ್ಸರ್ ಕೋಶ ಆ ಹರಿದದ್ದನ್ನು ಹೊಲಿದುಕೊಳ್ಳಲಾಗದೆ ಸಾಯುತ್ತದೆ. ನಮ್ಮ ಮೈಯ ಬಹುತೇಕ ಭಾಗಗಳಲ್ಲಿ ಈ ಔಷಧಿಯನ್ನು ಮುರಿದು ಹಾಕುವ ಒಂದು ಕಿಣ್ವವಿದೆ. ಶ್ವಾಸಕೋಶದಲ್ಲೂ ಚರ್ಮದಲ್ಲೂ ಅದು ತೀರಾ ಕಡಿಮೆ. ಅದಕ್ಕೇ ಪೆಟ್ಟು ಬೀಳುವುದು ಆ ಎರಡಕ್ಕೆ.

ಮೊದಲ ಸುತ್ತಿನ ಹಿಂದಿನ ದಿನ ಸತ್ತೇಗಾಲಕ್ಕೆ ಹೋಗಿ ಹಜಾರದಲ್ಲಿ ಕೂತು ಇದನ್ನೆಲ್ಲ ಅವನಿಗೆ ಹೇಳಿದೆ. ಅವನ ಪುಟ್ಟ ಮಗಳು ಗೀಚುವ ಸ್ಲೇಟಿನ ಮೇಲೆ ಚಿತ್ರ ಬರೆದು ತೋರಿಸಿದೆ. ರತ್ನ ಒಳಗೆ ರೊಟ್ಟಿ ಹಾಕುತ್ತಿದ್ದಳು. ಒಂದು ಗಂಟೆ ಮಾತಾಡಿರಬೇಕು. ಬೀಡಿ ಬಿಡಬೇಕು, ಆಲೆಮನೆಯ ಹೊಗೆಯ ಹತ್ತಿರ ಹೋಗಬಾರದು, ಒಣಕೆಮ್ಮು ಬಂದರೆ ಅವತ್ತೇ ಹೇಳಬೇಕು. ಮುಂದೆ ಯಾವ ಆಸ್ಪತ್ರೆಗೆ ಹೋದರೂ, ಯಾವ ಆಪರೇಷನ್ ಆದರೂ ಈ ಔಷಧಿ ತಗೊಂಡಿದ್ದೇನೆ ಎಂದು ಮೊದಲು ಹೇಳಬೇಕು, ಯಾಕೆಂದರೆ ಅಗತ್ಯಕ್ಕಿಂತ ಹೆಚ್ಚು ಆಕ್ಸಿಜನ್ ಕೊಟ್ಟರೆ ಶ್ವಾಸಕೋಶ ಕೆಡಬಹುದು. ಎಲ್ಲ ಕೇಳಿಸಿಕೊಂಡು ಅವನು ಕೇಳಿದ್ದು ಒಂದೇ ಪ್ರಶ್ನೆ.

"ಮಣ್ಣಿಂದ ಬಂದದ್ದು ಅಂತೀಯಲ್ಲಕ್ಕ, ನಮ್ ಗದ್ದೇಲಿ ಇಲ್ವಾ ಅದು?"

ನಾನು ಸ್ಲೇಟು ಕೆಳಗಿಟ್ಟೆ.

ಮೊದಲ ಸುತ್ತು ಕಷ್ಟವಾಯಿತು. ಬೇರೆ ಎರಡು ಔಷಧಿಗಳಿಂದ ವಾಂತಿ, ಕೂದಲು ಉದುರುವುದು. ಬ್ಲಿಯೋಮೈಸಿನ್ ಕೊಟ್ಟ ದಿನ ಸಂಜೆ ಹಲ್ಲು ಕಟಕಟ ಎನ್ನುವಷ್ಟು ಚಳಿ, ಜ್ವರ. ರತ್ನ ಮನೆಯಲ್ಲಿದ್ದ ಕಂಬಳಿಯನ್ನೆಲ್ಲ ಹೊದಿಸಿ ಪಕ್ಕದಲ್ಲಿ ಕೂತಿರುತ್ತಿದ್ದಳು. ಬೆಳಗಿನ ಹೊತ್ತಿಗೆ ಇಳಿಯುತ್ತಿತ್ತು. ಪ್ರತಿ ವಾರ ನಾನು ರಜೆ ಹಾಕಿ ಅವನನ್ನು ಮೈಸೂರಿಗೆ ಕರೆದೊಯ್ಯುತ್ತಿದ್ದೆ. ಸಿಲಬಸ್ ಮುಗಿದಿರಲಿಲ್ಲ, ಪ್ರಿನ್ಸಿಪಾಲರು ಮುಖ ಗಂಟಿಕ್ಕುತ್ತಿದ್ದರು. ಬಸ್ಸಿನಲ್ಲಿ ಪ್ರಾಕ್ಟಿಕಲ್ ರೆಕಾರ್ಡ್ ತಿದ್ದುತ್ತಾ ಹೋಗುತ್ತಿದ್ದೆ. ಅವನು ತಲೆಗೆ ಟವಲ್ ಸುತ್ತಿಕೊಂಡು ಕಿಟಕಿಯಾಚೆ ನೋಡುತ್ತಾ, ದಾರಿಯಲ್ಲಿ ಯಾರ ಕಬ್ಬಿಗೆ ಎಷ್ಟು ನೀರು ಕಡಿಮೆಯಾಗಿದೆ ಎಂದು ಹೇಳುತ್ತಾ ಬರುತ್ತಿದ್ದ.

ಎರಡನೆಯ ಸುತ್ತಿನಲ್ಲಿ ಒಂದು ದಿನ ರತ್ನ ಅಳುತ್ತಾ ಫೋನು ಮಾಡಿದಳು. ಅವನ ಬೆನ್ನ ಮೇಲೆ, ಭುಜದ ಮೇಲೆ ಚಾಟಿಯಲ್ಲಿ ಹೊಡೆದ ಹಾಗೆ ಕಂದು ಗೆರೆಗಳು ಎದ್ದಿದ್ದವು, ಒಂದರ ಮೇಲೊಂದು ಅಡ್ಡಾದಿಡ್ಡಿ. ಬೆಳಗ್ಗೆ ಸ್ನಾನಕ್ಕೆ ನೀರು ಹೊಯ್ಯುವಾಗ ಕಂಡಳಂತೆ. ಬೀದಿಯ ಮುದುಕಿಯೊಬ್ಬಳು ನೋಡಿ, ಹರಕೆ ಮರೆತಿದ್ದೀರಿ, ದೇವರು ಬಾರಿಸಿದ್ದಾನೆ ಎಂದಿದ್ದಳು. ಫೋಟೋ ತರಿಸಿಕೊಂಡು ಡಾಕ್ಟರಿಗೆ ಕಳಿಸಿದೆ. ಅವರು ಐದೇ ನಿಮಿಷದಲ್ಲಿ ಉತ್ತರ ಬರೆದರು: ಇದು ಬ್ಲಿಯೋಮೈಸಿನ್‌ನದೇ ಗುರುತು, ಕೆರೆದುಕೊಂಡ ಕಡೆ ಹೀಗೆ ಕಪ್ಪಾಗುತ್ತದೆ, ಅಪಾಯವಿಲ್ಲ, ಕಾಲಕ್ರಮೇಣ ಮಾಸುತ್ತದೆ. ನಾನು ಇದನ್ನು ಹೇಳಿದ ಮೇಲೂ ಮಾದೇಶ ಹರಕೆಯನ್ನೇ ನಂಬಿದ. ಮನೆದೇವರ ಬೆಟ್ಟಕ್ಕೆ ಹೋಗಿ ಬಂದರೆ ವಾಸಿ ಎಂದು ಹಟ ಹಿಡಿದ. ಬಿಳಿರಕ್ತಕಣ ಇಳಿದಿರುವಾಗ ಆ ಜನಜಂಗುಳಿಗೆ ಹೋಗಬೇಡ ಎಂದು ನಾನು ಕಾಲಿಗೆ ಬೀಳುವುದೊಂದು ಬಾಕಿ. ಕೊನೆಗೆ ಕಾಯಿಲೆ ವಾಸಿಯಾದ ಮೇಲೆ ನಡೆದುಕೊಂಡೇ ಹೋಗುತ್ತೇನೆ ಎಂದು ಹರಕೆಯ ಮೇಲೊಂದು ಹರಕೆ ಹೊತ್ತು ಸುಮ್ಮನಾದ.

ಸಂಕ್ರಾಂತಿ ಕಳೆದ ಮೇಲೆ ಆಸ್ಪತ್ರೆಯಲ್ಲಿ ಉಸಿರಿನ ಪರೀಕ್ಷೆ ಮಾಡಿದರು. ಪ್ರತಿ ಸುತ್ತಿಗೂ ಮಾಡುತ್ತಿದ್ದರು. ಒಂದು ಕೊಳವೆಗೆ ಬಾಯಿಟ್ಟು ಊದಬೇಕು, ಎಳೆದುಕೊಳ್ಳಬೇಕು. ಈ ಸಲ ಅವನು ಊದುವಾಗ ನಡುವೆ ಕೆಮ್ಮಿದ. ಮತ್ತೆ ಊದಿದ, ಮತ್ತೆ ಕೆಮ್ಮಿದ. ಡಾಕ್ಟರು ಕಾಗದ ನೋಡಿ, ಹಿಂದಿನದರ ಪಕ್ಕದಲ್ಲಿಟ್ಟು, ಅವನ ಬೆನ್ನಿಗೆ ಸ್ಟೆಥಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಕೆಮ್ಮು ಎಷ್ಟು ದಿನದಿಂದ ಎಂದು ಕೇಳಿದರು. ಇವತ್ತೇ ಎಂದ. ಬೀಡಿ ಸೇದುತ್ತೀರಾ ಎಂದು ಕೇಳಿದರು. ಬಿಟ್ಟು ಎರಡು ತಿಂಗಳಾಯಿತು ಎಂದ. ಶರ್ಟು ಹಾಕಿಕೊಳ್ಳಲು ಬಾಗಿದಾಗ ಜೇಬಿನಿಂದ ಬೀಡಿ ಕಟ್ಟು ಕೆಳಗೆ ಬಿತ್ತು. ಡಾಕ್ಟರು ಅದನ್ನು ನೋಡಿದರು, ನಾನೂ ನೋಡಿದೆ. 

ಹೊರಗೆ ಬಂದ ಮೇಲೆ ರತ್ನನಿಗೆ ಫೋನು ಮಾಡಿದೆ. ಕೆಮ್ಮು ಎರಡು ವಾರದಿಂದ ಇತ್ತಂತೆ. ಕೀಮೋ ಇಲ್ಲದ ದಿನಗಳಲ್ಲಿ ಅವನು ಆಲೆಮನೆಗೆ ಹೋಗುತ್ತಿದ್ದನಂತೆ. ಬೇರೆಯವರು ಪಾಕ ಕೆಡಿಸುತ್ತಾರೆ ಎಂದು ಕೊಪ್ಪರಿಗೆಯ ಬಾಯಿಗೆ ಬಾಗಿ ನಿಲ್ಲುತ್ತಿದ್ದನಂತೆ. ಒಲೆಯಲ್ಲಿ ಒಣಗದ ಕಬ್ಬಿನ ಸಿಪ್ಪೆ ಉರಿದು ಹೊಗೆ ಕವಿದರೂ ಕದಲುತ್ತಿರಲಿಲ್ಲವಂತೆ. ನನಗೆ ಹೇಳಿದರೆ ತವರಿಗೆ ಕಳಿಸುತ್ತೇನೆ ಎಂದು ಅವಳನ್ನು ಹೆದರಿಸಿದ್ದ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಜನ ಓಡಾಡುತ್ತಿದ್ದರು. ನಾನು ಅಲ್ಲೇ ಅವನಿಗೆ ಬೈದೆ. ಏನು ಬೈದೆ ಎಂದು ಪೂರ್ತಿ ನೆನಪಿಲ್ಲ. ನಿನ್ನ ಮಗಳಿಗೆ ಎರಡು ವರ್ಷ, ಅವಳಿಗೆ ನಿನ್ನ ಬೆಲ್ಲ ಬೇಡ ಎಂದದ್ದು ನೆನಪಿದೆ. ಅವನು ಕೆಳಗೆ ನೋಡುತ್ತಾ ಕೂತಿದ್ದ. ಆಮೇಲೆ ಹೇಳಿದ:

"ಅಲ್ಲಿ ನಿಂತಾಗ ಮಾತ್ರ ನಾನು ಕಾಯ್ಲೆಯವ್ನು ಅಂತ ಯಾರೂ ನೋಡಲ್ಲ ಕಣಕ್ಕ. ಕೈ ಎತ್ತುದ್ರೆ ಬೆಂಕಿ ತೆಗೀತಾರೆ."

 ಆ ಮಾತಿನಲ್ಲಿ ನಿಜವಿದ್ದದ್ದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಡಾಕ್ಟರು ಬ್ಲಿಯೋಮೈಸಿನ್ ನಿಲ್ಲಿಸಿದರು. ಒಂಬತ್ತು ಸಲ ಕೊಡಬೇಕಾದದ್ದರಲ್ಲಿ ಎರಡು ಉಳಿದಿತ್ತು. ಅರ್ಧಕ್ಕೆ ನಿಲ್ಲಿಸಿದರೆ ಕ್ಯಾನ್ಸರ್ ಉಳಿಯುವುದಿಲ್ಲವೇ ಎಂದು ಕೇಳಿದೆ. ಬೇರೆ ಎರಡು ಔಷಧಿಗಳನ್ನು ಮುಂದುವರಿಸಿ ಒಂದು ಸುತ್ತು ಜಾಸ್ತಿ ಕೊಡುತ್ತೇನೆ, ಗ್ರಂಥಿಗಳು ಆಗಲೇ ಬಹಳ ಕುಗ್ಗಿವೆ, ಕ್ಯಾನ್ಸರ್ ಗೆದ್ದು ಶ್ವಾಸಕೋಶ ಕಳೆದುಕೊಂಡರೆ ಏನು ಬಂತು ಎಂದರು. ಕೆಮ್ಮಿಗೆ ಸ್ಟೆರಾಯ್ಡ್ ಮಾತ್ರೆ ಬರೆದರು. ಮಾದೇಶನ ಕಡೆ ತಿರುಗಿ, "ಇನ್ನೊಂದು ಬೀಡಿ ಸೇದಿದರೆ ನನ್ನ ಹತ್ತಿರ ಬರಬೇಡಿ" ಎಂದರು. ನಾನು ಎರಡು ತಿಂಗಳಿನಿಂದ ಹೇಳಿದ್ದನ್ನೇ ಅವರು ಒಂದು ಸಾಲಿನಲ್ಲಿ ಹೇಳಿದ್ದು. ಅವನು ಅಂದೇ ಬಿಟ್ಟ. ಇದಕ್ಕೂ ನನಗೆ ಸಿಟ್ಟು ಬಂತೆಂದರೆ ನಗಬಾರದು.

ಕೆಮ್ಮು ಇಳಿಯಲೆಂದು ಮುಂದೂಡಿದ್ದರಿಂದ ಶಿವರಾತ್ರಿ ಹೊತ್ತಿಗೆ ಇನ್ನೂ ಒಂದು ಸುತ್ತು ಬಾಕಿ ಇತ್ತು. ಕೆಮ್ಮು ಕಡಿಮೆಯಾಗಿತ್ತು. ಹಬ್ಬಕ್ಕೆ ರತ್ನನ ತವರಿಗೆ ಹೋಗಿ ಒಂದು ದಿನ ಇದ್ದು ಬರುತ್ತೇವೆ ಎಂದ. ಬಸ್ಸಿನಲ್ಲಿ ಹೋಗು ಎಂದು ಹೇಳಿದ್ದೆ. ಹಬ್ಬದ ಹಿಂದಿನ ದಿನ ಮಗಳನ್ನು ನಮ್ಮ ಮನೆಯಲ್ಲಿ ಬಿಟ್ಟು, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲಿ ಹೋದ. ಕಾಮಗೆರೆ ದಾಟಿ ಹನೂರು ಇನ್ನೇನು ಬಂತು ಎನ್ನುವಾಗ ಜಲ್ಲಿಯ ಮೇಲೆ ಬೈಕು ಜಾರಿತು. ರತ್ನನಿಗೆ ಮೊಣಕೈ ತರಚಿತು, ಅವನ ಹಣೆ ಒಡೆದು ಕೊರಳ ಮೂಳೆ ಮುರಿಯಿತು. ದಾರಿಹೋಕರು ಆಟೋದಲ್ಲಿ ಹತ್ತಿರದ ಒಂದು ಚಿಕ್ಕ ಆಸ್ಪತ್ರೆಗೆ ಸೇರಿಸಿದರು. ಯಾರದೋ ಫೋನಿನಿಂದ ನನಗೆ ಸುದ್ದಿ ಬಂದಾಗ ಕಾಲೇಜಿನಲ್ಲಿದ್ದೆ. ಸಿಕ್ಕ ಕಾರು ಹತ್ತಿ ಹೊರಟೆ.

ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದದ್ದು ಒಂದೇ. ಅಪಘಾತದ ರೋಗಿ ಬಂದರೆ ಎಲ್ಲರೂ ಮೊದಲು ಮಾಡುವುದು ಮುಖಕ್ಕೆ ಆಕ್ಸಿಜನ್ ಇಡುವುದು. ತಪ್ಪೇನಲ್ಲ, ಬೇರೆ ಯಾರಿಗಾದರೂ ಅದು ಒಳ್ಳೆಯದೇ. ಇವನ ಶ್ವಾಸಕೋಶಕ್ಕೆ ಆಗಲೇ ಪೆಟ್ಟು ಬಿದ್ದಿದೆ, ಒಳಗೆ ಆ ಔಷಧಿಯ ಕಬ್ಬಿಣ ಆಮ್ಲಜನಕಕ್ಕಾಗಿಯೇ ಕಾದಿದೆ ಎಂದು ನನ್ನ ಬುದ್ಧಿ ಚಿತ್ರ ಬರೆಯುತ್ತಿತ್ತು. ಮಾದೇಶ ಹೇಳುತ್ತಾನೆಯೇ? ಔಷಧಿ ಯಾಕೆ ಕೊಟ್ಟರು ಎಂದು ಕೇಳಿದರೆ ಕಾಯಿಲೆ ಹೇಳಬೇಕಾಗುತ್ತದೆ, ಕಾಯಿಲೆ ಎಲ್ಲಿ ಎಂದು ಹೇಳಬೇಕಾಗುತ್ತದೆ. ಸುತ್ತ ನರ್ಸಮ್ಮಂದಿರು ಇರುತ್ತಾರೆ. ಅವನು ಹೇಳುವುದಿಲ್ಲ ಎಂದು ನನಗೆ ಖಚಿತವಿತ್ತು. ಆಸ್ಪತ್ರೆಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಅವನ ಫೋನು ಬಿದ್ದು ಒಡೆದಿತ್ತು. ರತ್ನನ ಹತ್ತಿರ ಫೋನೇ ಇರಲಿಲ್ಲ, ಮನೆಯಲ್ಲಿ ಚಾರ್ಜಿಗೆ ಹಾಕಿ ಮರೆತಿದ್ದಳು. ಅವಳಿಗಂತೂ ಇದೆಲ್ಲ ಗೊತ್ತಾಗುವ ಮಾತಲ್ಲ ಎಂದುಕೊಂಡೆ.

ಓಡುತ್ತಾ ಒಳಗೆ ಹೋದಾಗ ಅವನು ತಲೆಗೆ ಬ್ಯಾಂಡೇಜ್ ಸುತ್ತಿಸಿಕೊಂಡು ಕೂತಿದ್ದ. ಆಕ್ಸಿಜನ್ ಮಾಸ್ಕು ಸಿಲಿಂಡರಿನ ಕತ್ತಿಗೆ ನೇತುಬಿದ್ದಿತ್ತು. ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನವರು, ನನ್ನ ವಿದ್ಯಾರ್ಥಿಯ ಹಾಗಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ನಿಮ್ಮ ಮನೆಯವರು ಹೇಳಿದ್ರು ಮೇಡಂ, ತೆಗೆದುಬಿಟ್ಟೆ. ಬೆರಳಿಗೆ ಕ್ಲಿಪ್ ಹಾಕಿ ನೋಡಿದೆ, ಆಕ್ಸಿಜನ್ ಚೆನ್ನಾಗೇ ಇದೆ. ನಂಗೆ ಗೊತ್ತಿರಲಿಲ್ಲ, ಮೈಸೂರಿಗೂ ಮಾತಾಡಿದೆ" ಎಂದರು. ಅವನು ಹೇಳಿದನಾ ಎಂದು ಮಾದೇಶನನ್ನು ತೋರಿಸಿ ಕೇಳಿದೆ. ಅಲ್ಲ, ಇವರು ಎಂದು ರತ್ನನನ್ನು ತೋರಿಸಿದರು.

ಅವಳು ಮೂಲೆಯಲ್ಲಿ, ರಕ್ತವಾದ ಸೆರಗನ್ನು ಕೈಯಲ್ಲಿ ಮುದುರಿಕೊಂಡು ನಿಂತಿದ್ದಳು. ನರ್ಸು ಮಾಸ್ಕು ಇಟ್ಟಾಗ ಅವಳು ಕೈ ಹಿಡಿದುಕೊಂಡಳಂತೆ. ಅವರು ಬಿಡಿಸಿಕೊಂಡು ಬೈದರಂತೆ. ಆಗ ಡಾಕ್ಟರನ್ನೇ ಕರೆದು ಹೇಳಿದಳಂತೆ: "ಇವ್ರಿಗೆ ಬ್ಲಿಯೋಮೈಸಿನ್ ಏಳು ಸಲ ಕೊಟ್ಟವ್ರೆ ಸಾ. ಬೀಜದ ಕ್ಯಾನ್ಸರಿಗೆ. ಅಗತ್ಯ ಇದ್ರೆ ಮಾತ್ರ ಆಕ್ಸಿಜನ್ ಕೊಡ್ಬೇಕು, ಜಾಸ್ತಿ ಕೊಟ್ರೆ ಶ್ವಾಸಕೋಶ ಕೆಡ್ತದೆ."

ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅವಳು ಆಶ್ಚರ್ಯದಿಂದ ನನ್ನ ಮುಖ ನೋಡಿದಳು.

"ನೀವೇ ಏಳ್ತಿದ್ರಲ್ಲ ಅತ್ತಿಗೆ, ಅವತ್ತು ಅಜಾರದಲ್ಲಿ. ನಾನು ಒಳ್ಗೆ ಕೇಳುಸ್ಕತಿದ್ದೆ."

ಹೆಸರು ಮರೆಯಬಾರದೆಂದು ಅವಳು ಪ್ರತಿ ದಿನ ಬೆಳಗ್ಗೆ ಒಲೆ ಹಚ್ಚುವಾಗ ಒಂದು ಸಲ ಹೇಳಿಕೊಳ್ಳುತ್ತಿದ್ದಳಂತೆ. ನಾನು ಒಂದು ಗಂಟೆ ಪಾಠ ಮಾಡಿದ್ದೆ. ಒಂದು ಸಲವೂ ಅಡುಗೆಮನೆಯ ಕಡೆ ತಿರುಗಿ, ನೀನೂ ಬಾ, ಕೇಳು ಎಂದಿರಲಿಲ್ಲ. ಇಷ್ಟು ದಿನ ಎಲ್ಲರ ಮೇಲೂ ಸಿಟ್ಟಾಗಿದ್ದ ನನಗೆ ಅವತ್ತು ನನ್ನ ಮೇಲೆ ಆದ ಸಿಟ್ಟನ್ನು ಎಲ್ಲಿಡಬೇಕು ಎಂದು ತಿಳಿಯಲಿಲ್ಲ. ಅವಳನ್ನು ಬೆಂಚಿನ ಮೇಲೆ ಕೂರಿಸಿದೆ. ಪಕ್ಕದಲ್ಲಿ ಕೂತು ಅವಳ ಮೊಣಕೈ ಒರೆಸಿದೆ. ಮಾದೇಶ ಮಾತ್ರ ಆಗಲೂ ಹೆಂಡತಿಯ ಮೇಲೆ ಮುನಿಸಿಕೊಂಡಿದ್ದ. ಅಷ್ಟು ಜನರ ಮುಂದೆ ಆ ಮಾತು ಹೇಳಿಬಿಟ್ಟಳಂತೆ.

ಕೊನೆಯ ಸುತ್ತು ಮುಗಿದು, ಬೇಸಿಗೆಯಲ್ಲಿ ಮಾಡಿದ ಸ್ಕ್ಯಾನಿನಲ್ಲಿ ಏನೂ ಉಳಿದಿರಲಿಲ್ಲ. ಡಾಕ್ಟರು ಆ ಸುದ್ದಿಯನ್ನೂ ಅವರ ಎಂದಿನ ದನಿಯಲ್ಲೇ ಹೇಳಿದರು. ರತ್ನ ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತಳು. ಶ್ವಾಸಕೋಶ ಮಾತ್ರ ಮೊದಲಿನಂತೆ ಆಗಲಿಲ್ಲ. ಓಡಾಡಲು ತೊಂದರೆಯಿಲ್ಲ, ಹೊಗೆ ತಾಗಿದರೆ ಕೆಮ್ಮು ಶುರು. ಮುಂದಿನ ಹಂಗಾಮಿನಲ್ಲಿ ಅವನು ಒಂದೇ ಒಂದು ದಿನ ಆಲೆಮನೆಗೆ ಹೋಗಿ, ಬಾಗಿಲಲ್ಲೇ ನಿಂತು ಬಂದ. ಆಮೇಲೆ ಕಬ್ಬನ್ನೆಲ್ಲ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಳಿಸತೊಡಗಿದ. ಊರಲ್ಲಿ ಈಗ ಬೇರೆ ಯಾರೋ ಪಾಕ ನೋಡುತ್ತಾರೆ. ಆ ಬೆಲ್ಲ ಬಾಯಿಗಿಟ್ಟರೆ ಮಾದೇಶ ತಟ್ಟೆ ಆಚೆ ಸರಿಸುತ್ತಾನೆ.

ನನ್ನ ಕಷ್ಟ ಅಲ್ಲಿಗೆ ಮುಗಿಯಿತೆಂದುಕೊಂಡರೆ, ಹೋದ ವರ್ಷದಿಂದ ಹೊಸದೊಂದು ಶುರುವಾಗಿದೆ. ಏಳು ತಿಂಗಳು ಬಾಯಿ ಬಿಡದೆ ಕೂತಿದ್ದವನು ಈಗ ಬಾಯಿ ಮುಚ್ಚುವುದಿಲ್ಲ. ಹೇಗೆ ಶುರುವಾಯಿತೋ ಗೊತ್ತಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೂತಾಗ, ಬೀಗರ ಮುಂದೆ, ನಂಗೆ ಒಟ್ಟೆ ಕ್ಯಾನ್ಸರ್ ಅಲ್ಲ, ಬೀಜದ ಕ್ಯಾನ್ಸರ್ ಎಂದು ಶುರುಮಾಡುತ್ತಾನೆ. ನಾನು ತಲೆ ತಗ್ಗಿಸಿ ಊಟ ಮಾಡುತ್ತೇನೆ. ಕಾರ್ಖಾನೆಯ ಮುಂದೆ ಟ್ರಾಕ್ಟರುಗಳ ಸಾಲಿನಲ್ಲಿ ಡ್ರೈವರುಗಳನ್ನೆಲ್ಲ ಕೂರಿಸಿಕೊಂಡು, ಸ್ನಾನ ಮಾಡುವಾಗ ಮುಟ್ಟಿ ನೋಡಿಕೊಳ್ಳಿ, ನೋವಿಲ್ಲ ಅಂತ ಬಿಡಬೇಡಿ ಎಂದು ಉಪದೇಶ ಕೊಡುತ್ತಾನಂತೆ.

ಈ ಜನವರಿಯಲ್ಲಿ ಒಂದು ಬೆಳಗ್ಗೆ ಅಲ್ಲಿಂದಲೇ ಫೋನು ಮಾಡಿದ. ಇಲ್ಲೊಬ್ಬ ಇದ್ದಾನೆ, ಮಾತಾಡು ಎಂದು ಯಾರ ಕೈಗೋ ಫೋನು ಕೊಟ್ಟ. ಆ ಕಡೆಯವನು ದನಿ ತಗ್ಗಿಸಿ, ಎಂಟು ತಿಂಗಳಿಂದ ಊದಿಕೊಂಡಿದೆ ಎಂದ. ನಾನು ಬ್ಯಾಕ್ಟೀರಿಯ, ಕಬ್ಬಿಣ, ಆಮ್ಲಜನಕ ಯಾವುದನ್ನೂ ಹೇಳಲಿಲ್ಲ. ಇವತ್ತೇ ಮೈಸೂರಿಗೆ ಹೋಗಿ ತೋರಿಸಿ ಎಂದೆ.

"ನಲವತ್ತನೇ ಗಾಡಿ ಮೇಡಂ ನಂದು. ಸಾಲು ಬಿಟ್ರೆ ಕಬ್ಬ್ ಒಣಗೋಯ್ತದೆ" ಎಂದ.

ನನ್ನ ತಲೆ ಸಿಡಿಯಿತು. ಬೈಯಲು ಬಾಯಿ ತೆರೆದೆ, ಅಷ್ಟರಲ್ಲಿ ಮಾದೇಶ ಫೋನು ಕಿತ್ತುಕೊಂಡು ನಾನು ನೋಡ್ಕತೀನಿ ಎಂದು ಇಟ್ಟುಬಿಟ್ಟ. ಸಂಜೆ ರತ್ನ ಮೈಸೂರಿನಿಂದ ಫೋನು ಮಾಡಿದಾಗ ವಿಷಯ ತಿಳಿಯಿತು. ಆ ಡ್ರೈವರನ್ನೂ ಅವನ ಹೆಂಡತಿಯನ್ನೂ ಅವಳೇ ಕರೆದುಕೊಂಡು ಹೋಗಿದ್ದಳು. ಯಾವ ಕೌಂಟರಿಗೆ ಮೊದಲು ಹೋಗಬೇಕು, ಯಾವ ಚೀಟಿಗೆ ಎಲ್ಲಿ ಸೀಲು ಹಾಕಿಸಬೇಕು, ಎಲ್ಲ ಅವಳಿಗೆ ಗೊತ್ತು. ಸ್ಕ್ಯಾನ್ ಆಗಿತ್ತು. ಗಂಟು ಅಲ್ಲವಂತೆ, ಬರೀ ನೀರು ತುಂಬಿಕೊಂಡಿದೆಯಂತೆ. ಚಿಕ್ಕ ಆಪರೇಷನ್ ಸಾಕಂತೆ. ಎಂಟು ತಿಂಗಳು ಆ ಮನುಷ್ಯ ನೀರಿಗೆ ಹೆದರಿಕೊಂಡು ನಿದ್ದೆಗೆಟ್ಟಿದ್ದ.

ಹಾಗಾದರೆ ಟ್ರಾಕ್ಟರು ಎಲ್ಲಿ ಎಂದು ಕೇಳಿದೆ. ಅವ್ರನ್ನೇ ಕೇಳಿ ಅತ್ತಿಗೆ ಎಂದಳು ರತ್ನ. ನಾನು ಮಾದೇಶನಿಗೆ ಫೋನು ಮಾಡಿದೆ. ಹಿಂದೆ ಮುಂದೆ ಇಂಜಿನ್ನುಗಳ ಸದ್ದು. ಬೆಳಗ್ಗೆಯಿಂದ ಅವನು ಆ ಡ್ರೈವರಿನ ಸೀಟಿನಲ್ಲಿ ಕೂತು ಸಾಲು ಕಾಯುತ್ತಿದ್ದ.

ಅಷ್ಟು ಡೀಸೆಲ್ ಹೊಗೆಯಲ್ಲಿ ಇಡೀ ದಿನ ಕೂತಿದ್ದೀಯಾ, ನಿನ್ನ ಶ್ವಾಸಕೋಶ ಏನಾಗಬೇಕು ಎಂದು ಕೇಳಿದೆ.

"ಬಾಯ್ಗೆ ಟವಲ್ ಕಟ್ಕಂಡಿದೀನಿ ಕಣಕ್ಕ. ಬೈಯೋದಿದ್ರೆ ಬೈದ್ಬುಡು" ಎಂದ.

ಬೈದೆ. ಟವಲು ಯಾವ ಹೊಗೆಯನ್ನೂ ತಡೆಯುವುದಿಲ್ಲ ಎಂಬಲ್ಲಿಂದ ಶುರುಮಾಡಿ, ಯುಗಾದಿಯಿಂದ ದೀಪಾವಳಿಯವರೆಗಿನ ಏಳು ತಿಂಗಳವರೆಗೆ ಎಲ್ಲವನ್ನೂ ಎತ್ತಿಕೊಂಡು ಬೈದೆ. ಅವನು ನಡುವೆ ಬಾಯಿ ಹಾಕಲಿಲ್ಲ, ಆಯ್ತು ಕಣಕ್ಕ ಎಂದೂ ಹೇಳಲಿಲ್ಲ. ಕೊನೆಗೆ ನಾನೇ ಉಸಿರು ತಗೊಳ್ಳಲು ನಿಲ್ಲಿಸಿದಾಗ, ಮುಂದಿನ ಗಾಡಿ ಹೊರಟಿದೆ, ಒಂದು ನಿಮಿಷ ಇರು, ಮುಂದಕ್ಕೆ ತಕ್ಕೊತೀನಿ ಎಂದು ಹೇಳಿ ಫೋನನ್ನು ತೊಡೆಯ ಮೇಲಿಟ್ಟ. ಟ್ರಾಕ್ಟರು ಗೇರಿಗೆ ಬಿದ್ದು ಹೊರಟ ಸದ್ದು ಕೇಳಿಸಿತು. ನಾನು ಫೋನು ಹಿಡಿದುಕೊಂಡೇ ಕಾದೆ.